ಹೇಡಿ ಅಂತ ಕರೆದವರು ಯಾರು?

ಇಂಗ್ಲಿಷಿನಲ್ಲಿ ಕವರ್ಡ್ ಅಂದರೆ ಹೇಡಿ. ಇಂಗ್ಲೆಂಡಿನಲ್ಲಿ ಕವರ್ಡ್ ಅನ್ನುವ ಮನೆತನದ ಹೆಸರೂ ಇದೆ. ಆ ಹೆಸರಿನವರಲ್ಲಿ ಜಗತ್ತಿಗೆಲ್ಲ ಗೊತ್ತಾದವನು ನಾಟಕಕಾರ ನೋಯೆಲ್ ಕವರ್ಡ್. ಎರಡನೇ ಮಹಾಯುದ್ಧ ಜೋರಾಗಿದ್ದಾಗ, 1942ರಲ್ಲಿ, ತಾನೇ ಬರೆದ ಸಿನಿಮಾ ಒಂದರಲ್ಲಿ ಯುದ್ಧನೌಕೆಯ ಕ್ಯಾಪ್ಟನ್ ಆಗಿ ನಟಿಸಿದ. ಹಡಗು ಮುಳುಗಿದರೂ ಎದೆಗುಂದದ ಕ್ಯಾಪ್ಟನ್. ಪಾತ್ರ ವೀರನದು, ಮಾಡಿದವನ ಹೆಸರು ಹೇಡಿ!

ಆದರೆ ಆ ಹೆಸರಿಗೂ ಹೇಡಿತನಕ್ಕೂ ಏನೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ದನ ಕಾಯುವವನಿಗೆ ಇದ್ದ ಪದ ಬಾಯಿಂದ ಬಾಯಿಗೆ ಸವೆದು ಕವರ್ಡ್ ಆಯಿತು. ನಮ್ಮ ಗೋಪಾಲ ಇದ್ದಾನಲ್ಲ, ಸರಿಯಾಗಿ ಅದೇ ಅರ್ಥ. ತಮಾಷೆ ಏನಂದರೆ, ಬೈಗುಳದ ಕವರ್ಡ್ ನೋಡಿದರೆ ಯಾರಿಗಾದರೂ ಮೊದಲು ಹಸು ನೆನಪಾಗುತ್ತದೆ. ಅದರಲ್ಲಿ ಹಸು ಇಲ್ಲವೇ ಇಲ್ಲ. ಅಲ್ಲಿರುವುದು ಬಾಲ.

ಲ್ಯಾಟಿನ್‌ನಲ್ಲಿ ಬಾಲಕ್ಕೆ ಕೌಡ ಅನ್ನುತ್ತಿದ್ದರು. ಹಳೆಯ ಫ್ರೆಂಚಿಗೆ ಬರುವಾಗ ಅದು ಕೋ ಅನ್ನುವಷ್ಟಕ್ಕೆ ಇಳಿಯಿತು. ಅದಕ್ಕೆ 'ಆರ್ಡ್' ಸೇರಿಕೊಂಡಿತು. ಈ ಆರ್ಡ್ ಮರ್ಯಾದಸ್ಥರ ಜೊತೆ ಸೇರುವಂಥದ್ದಲ್ಲ. ಡ್ರಂಕರ್ಡ್, ಡಲ್ಲರ್ಡ್, ಸ್ಲಗ್ಗರ್ಡ್, ಬಾಸ್ಟರ್ಡ್, ಎಲ್ಲ ಇದರ ಕೈವಾಡ. ಅಳುಬುರುಕ, ಅಂಜುಬುರುಕದಲ್ಲಿ 'ಬುರುಕ' ಮಾಡುವ ಕೆಲಸವನ್ನೇ ಅಲ್ಲಿ ಆರ್ಡ್ ಮಾಡುತ್ತದೆ. ಹೀಗೆ ತಯಾರಾದ ಪದ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು.

ಬಾಲ ಯಾಕೆ ಅಂತ ಇಂಗ್ಲಿಷ್ ನಿಘಂಟುಗಳು ಉದ್ದಕ್ಕೆ ವಿವರಿಸುತ್ತವೆ. ಬೆನ್ನು ತಿರುಗಿಸಿ ಓಡುವ ಪ್ರಾಣಿಯ ಬಾಲ ಕಾಣುತ್ತದೆ ಅಂತಲೋ, ಹೆದರಿದ ಪ್ರಾಣಿ ಬಾಲವನ್ನು ಕಾಲಿನ ಸಂದಿಗೆ ಸೇರಿಸುತ್ತದೆ ಅಂತಲೋ. ಕನ್ನಡದವರಿಗೆ ಈ ವಿವರಣೆ ಬೇಕಾಗಿಲ್ಲ. ನಾವು ದಿನಾ 'ಬಾಲ ಮುದುರಿಕೊಂಡು ಹೋದ' ಅನ್ನುತ್ತೇವೆ. ಜಾಸ್ತಿ ಹಾರಾಡುವವನಿಗೆ 'ಬಾಲ ಬಿಚ್ಚಬೇಡ' ಅನ್ನುತ್ತೇವೆ. ಧೈರ್ಯ, ಅಧಿಕಪ್ರಸಂಗ, ಸೋಲು ಎಲ್ಲವನ್ನೂ ಇಲ್ಲದ ಬಾಲವೊಂದರಲ್ಲೇ ಹೇಳಿ ಮುಗಿಸುವ ಜನ ನಾವು.

ಯುರೋಪಿನ ಮನೆತನದ ಲಾಂಛನಗಳಲ್ಲಿ ಸಿಂಹ ಸಾಮಾನ್ಯವಾಗಿ ಬಾಲ ಎತ್ತಿಕೊಂಡು ನಿಂತಿರುತ್ತದೆ. ಬಾಲವನ್ನು ಹಿಂಗಾಲುಗಳ ನಡುವೆ ಇಟ್ಟುಕೊಂಡ ಸಿಂಹವೂ ಇದೆ. ಲಾಂಛನ ಶಾಸ್ತ್ರದಲ್ಲಿ ಅದಕ್ಕೆ ಇವತ್ತಿಗೂ ಕವರ್ಡ್ ಅಂತಲೇ ಹೆಸರು. ಇನ್ನು ಫ್ರಾನ್ಸಿನ ಹಳೆಯ ನರಿಯಣ್ಣನ ಕಥೆಗಳಲ್ಲಿ ಮೊಲದ ಹೆಸರೇ ಕೋಆರ್ಟ್. ರಾಜ ಸಿಂಹ ಒಮ್ಮೆ ಗರ್ಜಿಸಿದ್ದಕ್ಕೆ ಆ ಮೊಲಕ್ಕೆ ಜ್ವರ ಬಂದುಬಿಡುತ್ತದೆ, ಪಾಪ. ಸಂಗೀತ ಕೃತಿಯ ಕೊನೆಯಲ್ಲಿ ಬರುವ ಕೋಡಾ, ಬಿಲಿಯರ್ಡ್ಸ್ ಆಡುವ ಕೋಲು, ರೇಷನ್ ಅಂಗಡಿ ಮುಂದಿನ ಕ್ಯೂ, ಇವೆಲ್ಲ ಅದೇ ಬಾಲದ ಮಕ್ಕಳು. ಕ್ಯೂನಲ್ಲಿ ನಿಂತು ಕಾಯುವ ಸಂಭಾವಿತರು ಒಂದು ಬೈಗುಳದ ದಾಯಾದಿಗಳ ಜೊತೆ ನಿಂತಿರುತ್ತಾರೆ ಅನ್ನಿ.

ಈ ಬಾಲದ ವಿಷಯದಲ್ಲಿ ನನಗೆ ಹಿಡಿಸಿದ್ದು ಬೇರೆ. ಮುದುರಿದ ಬಾಲ ಯಾರಿಗೆ ಕಾಣುತ್ತದೆ? ಓಡುವವನಿಗೆ ಕಾಣುವುದಿಲ್ಲ. ಅವನ ಕಣ್ಣು ಮುಂದಿನ ದಾರಿಯ ಮೇಲಿರುತ್ತದೆ. ಅದು ಕಾಣುವುದು ಹಿಂದೆ ನಿಂತು ನೋಡುವವನಿಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಡಿತನಕ್ಕಿರುವ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ತಿರುವಿ ಹಾಕಿದೆ. ಹೆಚ್ಚುಕಡಿಮೆ ಪ್ರತಿಯೊಂದರ ಹಿಂದೆಯೂ ಹಾಗೊಬ್ಬ ನೋಡುವವನು ಸಿಕ್ಕಿದ.

ಕೋಳಿಯ ಕಡೆಯ ಪದಗಳನ್ನೇ ತೆಗೆದುಕೊಳ್ಳಿ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಅನ್ನುವವನು ಲಂಡನ್ನಿನ ಪೋಲಿ ಮಾತುಗಳನ್ನೆಲ್ಲ ಕೂಡಿಸಿ ಒಂದು ನಿಘಂಟು ಮಾಡಿದ. ಅದರಲ್ಲಿ ಬಿಳಿ ಗರಿ ಇರುವವನು ಅಂದರೆ ಹೇಡಿ ಅಂತಿದೆ. ಕಾಳಗದ ಹುಂಜದಲ್ಲಿ ಬಿಳಿ ಗರಿ ಕಂಡರೆ ಅದು ಅಪ್ಪಟ ತಳಿಯಲ್ಲ, ಕಣದಲ್ಲಿ ನಿಲ್ಲುವುದಿಲ್ಲ ಅಂತ ಲೆಕ್ಕ. ಅದೇ ನಿಘಂಟಿನಲ್ಲಿ ಹೇಡಿಗೆ ಇನ್ನೊಂದು ಪದ 'ಡಂಗ್‌ಹಿಲ್'. ತಿಪ್ಪೆ ಅಂತ ಅರ್ಥ. ಕಾಳಗದ ತಳಿ ಬಿಟ್ಟು ಉಳಿದ ಕೋಳಿಯೆಲ್ಲ ತಿಪ್ಪೆ ಕೆರೆಯುವ ಕೋಳಿ ಅನ್ನುವ ತಾತ್ಸಾರ. ನೇಣುಗಂಬದ ಮುಂದೆ ಅತ್ತು ಪಶ್ಚಾತ್ತಾಪ ಪಟ್ಟವನಿಗೂ 'ತಿಪ್ಪೆಯ ಹಾಗೆ ಸತ್ತ' ಅನ್ನುತ್ತಿದ್ದರಂತೆ. ಸಾಯುವವನು ಹೇಗೆ ಸಾಯಬೇಕು ಅಂತಲೂ ನೋಡಲು ಬಂದವರದೇ ತೀರ್ಮಾನ!

ನಮ್ಮ ಕರಾವಳಿಯ ಕೋಳಿ ಅಂಕ ನೋಡಿದವರಿಗೆ ಈ ಲೋಕ ಅಪರಿಚಿತವಲ್ಲ. ನಡುವೆ ಕಾಲಿಗೆ ಕತ್ತಿ ಕಟ್ಟಿಸಿಕೊಂಡ ಎರಡು ಹುಂಜ, ಸುತ್ತ ದುಡ್ಡು ಹಿಡಿದ ಜನ. ಹುಂಜ ಹಿಂದೆ ಸರಿದರೆ ಬೈಗುಳ ಕೇಳಿಬರುವುದು ದುಡ್ಡು ಕಟ್ಟಿದವನ ಬಾಯಿಂದ. ಅದರ ಬಣ್ಣ, ಗರಿ, ನಡಿಗೆ ನೋಡಿ ಜಾತಕ ಹೇಳುವವನೂ ಅವನೇ. ಕತ್ತಿ ತಾಗುವುದು ಮಾತ್ರ ಹುಂಜಕ್ಕೆ. ಇಂಗ್ಲೆಂಡಿನಲ್ಲಿ 1835ರಲ್ಲಿ ಕೋಳಿ ಕಾಳಗಕ್ಕೆ ಕಾನೂನು ಅಡ್ಡ ಬಂತು. ಬೈಗುಳಗಳು ಉಳಿದುಕೊಂಡವು.

ಚಿಕನ್ ಅನ್ನುವ ಬೈಗುಳ ಇವತ್ತು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲೇ, 15ನೇ ಶತಮಾನದಲ್ಲೇ, ಅಂಜುವವನಿಗೆ ಹೇಂಟೆಯ ಗುಂಡಿಗೆಯವನು ಅನ್ನುವ ಮಾತಿತ್ತು. ಇದನ್ನು ಕಟ್ಟಿದವನು ಮರಿಗಳಿರುವ ಹೇಂಟೆಯ ಹತ್ತಿರ ಕೈ ಚಾಚಿದವನಲ್ಲ, ಬಿಡಿ. ಹದ್ದಿಗೇ ಎಗರಿ ಬೀಳುವ ಪ್ರಾಣಿ ಅದು. ಆಮೇಲೆ ಎದುರುಬದುರು ಕಾರು ಓಡಿಸಿ ಯಾರು ಮೊದಲು ಪಕ್ಕಕ್ಕೆ ತಿರುಗಿಸುತ್ತಾರೆ ನೋಡೋಣ ಅನ್ನುವ ಹುಚ್ಚಾಟಕ್ಕೂ ಚಿಕನ್ ಅಂತಲೇ ಹೆಸರಾಯಿತು. ಅಮೆರಿಕ ಮತ್ತು ಸೋವಿಯತ್ ದೇಶ ಅಣುಬಾಂಬ್ ಇಟ್ಟುಕೊಂಡು ಆಡುತ್ತಿರುವುದು ಇದೇ ಆಟ ಅಂತ ಬರ್ಟ್ರಂಡ್ ರಸೆಲ್ 1959ರಲ್ಲಿ ಬರೆದ. ಆ ಆಟದಲ್ಲಿ ಬುದ್ಧಿ ಇರುವವನೇ ಮೊದಲು ಸ್ಟೀರಿಂಗ್ ತಿರುಗಿಸುವುದು. ಹೆಸರು ಕೆಡುವುದೂ ಅವನದೇ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ ಪದ ಕ್ರೇವನ್. ಈಗ ಅದು ಪುಸ್ತಕದ ಪದ, ಸಂಪಾದಕೀಯಗಳಲ್ಲಿ ಕಾಣಿಸುತ್ತದೆ. ಒಂದು ಕಾಲದಲ್ಲಿ ಅದು ಕೋರ್ಟಿನ ಪದ.

1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರು ತಮ್ಮ ಜೊತೆ ಒಂದು ವಿಚಿತ್ರ ನ್ಯಾಯಪದ್ಧತಿ ತಂದರು. ಸಾಕ್ಷಿ ಪುರಾವೆಯಿಂದ ವ್ಯಾಜ್ಯ ಬಗೆಹರಿಯದಿದ್ದರೆ ಇಬ್ಬರೂ ಕಾದಾಡಬೇಕು, ದೇವರು ಸತ್ಯವಂತನನ್ನು ಗೆಲ್ಲಿಸುತ್ತಾನೆ. ಜಮೀನಿನ ತಕರಾರಾದರೆ ಕಕ್ಷಿದಾರರ ಬದಲು ಅವರು ಕರೆತಂದ ಜಟ್ಟಿಗಳು ಹೊಡೆದಾಡುತ್ತಿದ್ದರು. ಇದೆಲ್ಲ ಹೇಗೆ ನಡೆಯಬೇಕು ಅಂತ 18ನೇ ಶತಮಾನದ ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟೋನ್ ವಿವರವಾಗಿ ಬರೆದಿಟ್ಟಿದ್ದಾನೆ. ಅಳತೆ ಮಾಡಿದ ಚೌಕಾಕಾರದ ಕಣ. ಒಂದು ಪಕ್ಕದಲ್ಲಿ ಕೆಂಪು ನಿಲುವಂಗಿಯ ನ್ಯಾಯಾಧೀಶರು. ಜಟ್ಟಿಗಳ ಕೈಯಲ್ಲಿ ಒಂದೊಂದು ದೊಣ್ಣೆ, ಒಂದೊಂದು ಚರ್ಮದ ಗುರಾಣಿ. ಸಂಜೆ ಆಕಾಶದಲ್ಲಿ ನಕ್ಷತ್ರ ಕಾಣುವವರೆಗೆ ಹೊಡೆದಾಟ ನಡೆಯಬಹುದು. ಅಷ್ಟರೊಳಗೆ ಒಬ್ಬ ಸಾಯಬೇಕು, ಇಲ್ಲವೇ ಆ ಒಂದು ಮಾತು ಹೇಳಬೇಕು. ಕ್ರೇವನ್.

ಬಿದ್ದೆ, ಸೋತೆ, ಮುರಿದೆ ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದದಿಂದ ಅದು ಬಂದಿರಬೇಕು ಅಂತ ಊಹೆ. ಹೇಳಿದ ತಕ್ಷಣ ಹೊಡೆತ ನಿಲ್ಲುತ್ತಿತ್ತು. ಜೀವ ಉಳಿಯುತ್ತಿತ್ತು. ಆದರೆ ಅವನು ಮುಂದೆಂದೂ ಜ್ಯೂರಿಯಲ್ಲಿ ಕೂರುವ ಹಾಗಿಲ್ಲ, ಯಾರ ಪರವಾಗಿಯೂ ಸಾಕ್ಷಿ ಹೇಳುವ ಹಾಗಿಲ್ಲ. ಕಾನೂನಿನ ಕಣ್ಣಿನಲ್ಲಿ ಅವನ ಮಾತಿಗೆ ಬೆಲೆಯೇ ಇಲ್ಲ. ಬೇರೆ ಪದಗಳನ್ನು ನೋಡುವವರು ಹೊರಗಿನಿಂದ ಅಂಟಿಸಿದರು. ಇದೊಂದನ್ನು ಮಾತ್ರ ಏಟು ತಿಂದವನ ಬಾಯಿಂದಲೇ ಹೇಳಿಸಿದರು. ಅದೂ ಇನ್ಯಾರದೋ ಜಮೀನಿಗೆ ಕೂಲಿಗೆ ಬಂದವನಿಂದ! ಜಮೀನಿನ ಒಡೆಯ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

ಈ ಕಾನೂನನ್ನು ತೆಗೆದುಹಾಕಲು ಎಲ್ಲರೂ ಮರೆತಿದ್ದರು. 1817ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಹೊಂಡವೊಂದರಲ್ಲಿ ಮೇರಿ ಆಶ್‌ಫರ್ಡ್ ಅನ್ನುವ ಹುಡುಗಿಯ ಹೆಣ ಸಿಕ್ಕಿತು. ಹಿಂದಿನ ರಾತ್ರಿ ಅವಳ ಜೊತೆಗಿದ್ದ ಅಬ್ರಹಾಂ ಥಾರ್ನ್‌ಟನ್ ಮೇಲೆ ಕೊಲೆ ಮೊಕದ್ದಮೆ ನಡೆದು, ಜ್ಯೂರಿ ಕೆಲವೇ ನಿಮಿಷದಲ್ಲಿ ಅವನನ್ನು ಬಿಡುಗಡೆ ಮಾಡಿತು. ಊರಿಗೆ ಊರೇ ಕೆರಳಿತು. ಹುಡುಗಿಯ ಅಣ್ಣ ವಿಲಿಯಂ ಹಳೆಯ ಕಾನೂನಿನ ಇನ್ನೊಂದು ದಾರಿ ಹಿಡಿದು ಮತ್ತೆ ದೂರು ಕೊಟ್ಟ. ಲಂಡನ್ನಿನ ಕೋರ್ಟಿನಲ್ಲಿ ಥಾರ್ನ್‌ಟನ್‌ನ ವಕೀಲರು ಅದಕ್ಕಿಂತ ಹಳೆಯದನ್ನು ಹೊರಗೆ ತೆಗೆದರು. ಆರೋಪಿ ಎದ್ದು ನಿಂತ. ನಾನು ನಿರಪರಾಧಿ, ನನ್ನ ಈ ದೇಹದಿಂದಲೇ ಅದನ್ನು ಸಾಧಿಸಲು ಸಿದ್ಧ ಅಂತ ಹೇಳಿ, ಕೈಗವಸು ತೆಗೆದು ನೆಲಕ್ಕೆ ಎಸೆದ. ರೈಲು, ಟೆಲಿಗ್ರಾಫು ಬರುವ ಹೊಸ್ತಿಲಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ಆ ಕೈಗವಸನ್ನು ನೋಡಿಕೊಂಡು ಕೂತರು.

1818ರಲ್ಲಿ ಅವರು ಕೊಟ್ಟ ತೀರ್ಪು: ಕಾನೂನು ಕಾನೂನೇ, ಹೊಡೆದಾಟ ಕೇಳುವ ಹಕ್ಕು ಆರೋಪಿಗೆ ಇದೆ. ಥಾರ್ನ್‌ಟನ್ ಗಟ್ಟಿಮುಟ್ಟಾದ ಆಳು. ವಿಲಿಯಂ ಇನ್ನೂ ಹುಡುಗ, ಸಣಕಲ. ಅವನು ಕೈಗವಸು ಎತ್ತಲಿಲ್ಲ. ಥಾರ್ನ್‌ಟನ್ ಬಿಡುಗಡೆಯಾದ, ಮುಂದೆ ಅಮೆರಿಕಕ್ಕೆ ಹೊರಟುಹೋದ. 1819ರಲ್ಲಿ ಪಾರ್ಲಿಮೆಂಟು ಆ ಕಾನೂನನ್ನೇ ಕಿತ್ತುಹಾಕಿತು. ಕೈಗವಸು ಎತ್ತದ ಆ ಹುಡುಗನನ್ನು ಏನಂತ ಕರೆಯಬೇಕು? ತಂಗಿಯ ಸಾವಿಗೆ ನ್ಯಾಯ ಕೇಳಲು ಊರಿಂದ ಲಂಡನ್‌ವರೆಗೆ ಬಂದವನು ಅವನೊಬ್ಬನೇ. ಕ್ರೇವನ್ ಅನ್ನುವ ಪದ ಅವನಿಗೆ ಒಪ್ಪುತ್ತದೆ ಅಂತ ನನಗೆ ಅನಿಸುವುದಿಲ್ಲ.

ಲಿವರ್ ಕಡೆಗೆ ಬರೋಣ. ಹಳೆಯ ಯುರೋಪಿನ ವೈದ್ಯರ ಪ್ರಕಾರ ರಕ್ತ ತಯಾರಾಗುವುದು ಲಿವರ್‌ನಲ್ಲಿ. ರಕ್ತ ಬಿಸಿಯಾಗಿ ಹರಿದರೆ ಧೈರ್ಯ. ಹೇಡಿಯ ಲಿವರ್‌ನಲ್ಲಿ ರಕ್ತ ಇರುವುದಿಲ್ಲ, ಅದು ಬೆಳ್ಳಗೆ ಬಿಳಿಚಿಕೊಂಡಿರುತ್ತದೆ. ಶೇಕ್ಸ್‌ಪಿಯರ್ ಒಂದು ಕಡೆ ಹಾಲಿನಂಥ ಲಿವರ್ ಅಂದ, ಮ್ಯಾಕ್‌ಬೆತ್‌ನಲ್ಲಿ ಲಿಲ್ಲಿ ಹೂವಿನಂಥ ಲಿವರ್ ಅಂದ. ಇದನ್ನು ಯಾವ ವೈದ್ಯನೂ ಹೊಟ್ಟೆ ಕುಯ್ದು ನೋಡಿ ಹೇಳಿದ್ದಲ್ಲ. ಮುಖ ಬಿಳಿಚಿಕೊಂಡಿದ್ದು ನೋಡಿ ಒಳಗೂ ಹಾಗೇ ಇರಬೇಕು ಅಂತ ಹೇಳಿದ್ದು.

ಇದನ್ನು ಬಾಯಿ ತುಂಬ ವಿವರಿಸುವ ಪಾತ್ರ ಫಾಲ್‌ಸ್ಟಾಫ್. ಶೇಕ್ಸ್‌ಪಿಯರ್ ಕಟ್ಟಿದ ದಢೂತಿ ಕುಡುಕ. ಲಿವರ್ ಬೆಳ್ಳಗಿದ್ದರೆ ಹೇಡಿತನ, ಒಂದೆರಡು ಲೋಟ ಶೆರ್ರಿ ಇಳಿಸಿದರೆ ರಕ್ತ ಬಿಸಿಯಾಗಿ ಎಲ್ಲ ಸರಿಹೋಗುತ್ತದೆ ಅಂತ ಅವನ ವಾದ. ಅದೇ ಫಾಲ್‌ಸ್ಟಾಫ್ ಯುದ್ಧಭೂಮಿಯಲ್ಲಿ ಸತ್ತವನ ಹಾಗೆ ಬಿದ್ದುಕೊಳ್ಳುತ್ತಾನೆ. ಗದ್ದಲ ಮುಗಿದ ಮೇಲೆ ಎದ್ದು, ಬೇರೆಯವರು ಕೊಂದ ವೀರನನ್ನು ತಾನೇ ಕೊಂದೆ ಅಂತ ಹೊತ್ತುಕೊಂಡು ಬರುತ್ತಾನೆ. ಯುದ್ಧಕ್ಕೆ ಮೊದಲು ಅವನು ತನಗೆ ತಾನೇ ಪ್ರಶ್ನೆ ಕೇಳಿಕೊಳ್ಳುತ್ತಾನೆ. ಮಾನ ಮುರಿದ ಕಾಲನ್ನು ಕೂಡಿಸುತ್ತದೆಯೇ? ಇಲ್ಲ. ಗಾಯದ ನೋವು ಕಳೆಯುತ್ತದೆಯೇ? ಇಲ್ಲ. ಹಾಗಾದರೆ ಮಾನ ಅಂದರೇನು? ಒಂದು ಪದ. ಪದ ಅಂದರೆ? ಗಾಳಿ. ಹೇಡಿಯೊಬ್ಬ ತನ್ನ ಪರವಾಗಿ ತಾನೇ ಇಷ್ಟು ಚೆನ್ನಾಗಿ ವಾದ ಮಾಡಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಮ್ಮಲ್ಲಿ ಆ ಜಾಗಕ್ಕೆ ಉತ್ತರಕುಮಾರ ಇದ್ದಾನೆ. 'ಉತ್ತರನ ಪೌರುಷ ಒಲೆ ಮುಂದೆ' ಅನ್ನುವ ಗಾದೆ ಕೇಳದವರು ಯಾರು? ಅಂತಃಪುರದಲ್ಲಿ ಕೊಚ್ಚಿಕೊಂಡು, ಕೌರವರ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡಿದ. ಬೃಹನ್ನಳೆ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ, ಸಾರಥಿ ಮಾಡಿ ಕೂರಿಸಿದ. ಆದರೆ ಗಾದೆಗೆ ಮುಂದಿನ ಕಥೆ ಬೇಡ. ಕುರುಕ್ಷೇತ್ರದ ಮೊದಲ ದಿನವೇ ಈ ಉತ್ತರ ಶಲ್ಯನ ಎದುರು ಕಾದಿ ಸತ್ತ. ಯುದ್ಧದಲ್ಲಿ ಪ್ರಾಣ ಕೊಟ್ಟವನ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿ ಹೇಡಿಗೆ ಸಮ.

ಪೋಲ್ಟ್ರೂನ್ ಅನ್ನುವ ಪದಕ್ಕೆ ಒಂದು ಭರ್ಜರಿ ಕಟ್ಟುಕಥೆ ಇದೆ. ಲ್ಯಾಟಿನ್‌ನ ಪೊಲ್ಲಿಸೆ ಟ್ರುಂಕುಸ್, ಅಂದರೆ ಹೆಬ್ಬೆರಳು ಕತ್ತರಿಸಿಕೊಂಡವನು ಅನ್ನುವುದರಿಂದ ಅದು ಬಂತು ಅಂತ ಹಳೆಯ ಪಂಡಿತರು ನಂಬಿದ್ದರು. ಹೆಬ್ಬೆರಳಿಲ್ಲದಿದ್ದರೆ ಕತ್ತಿ ಹಿಡಿಯಲು ಆಗುವುದಿಲ್ಲ, ಸೈನ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ. ಪದದ ಹುಟ್ಟು ನಿಜವಾಗಿ ಬೇರೆ. ಇಟಾಲಿಯನ್‌ನಲ್ಲಿ ಪೋಲ್ಟ್ರೋನೆ ಅಂದರೆ ಸೋಮಾರಿ. ಅದೇ ಮನೆಯ ಪೋಲ್ಟ್ರೋನಾ ಇವತ್ತಿಗೂ ಅಲ್ಲಿ ಆರಾಮ ಕುರ್ಚಿ. ಆದರೆ ಹೆಬ್ಬೆರಳು ಕತ್ತರಿಸುವುದು ಮಾತ್ರ ಸುಳ್ಳಲ್ಲ. ಇಬ್ಬರು ಗಂಡುಮಕ್ಕಳನ್ನು ಸೈನ್ಯದಿಂದ ಉಳಿಸಲು ಅವರ ಹೆಬ್ಬೆರಳು ಕತ್ತರಿಸಿದ ರೋಮಿನ ಒಬ್ಬ ಕುಲೀನನನ್ನು ಅಗಸ್ಟಸ್ ಚಕ್ರವರ್ತಿ ಆಸ್ತಿ ಸಮೇತ ಹರಾಜು ಹಾಕಿಸಿದ ಅಂತ ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಹಿಡಿದುಕೊಂಡು ಕತ್ತರಿಸಿದ ಆ ಅಪ್ಪನ ಕೈ ನಡುಗಿತ್ತೋ ಇಲ್ಲವೋ ಅಂತ ಯಾರೂ ಬರೆದಿಲ್ಲ.

ಇನ್ನು ಹಳದಿ, ತಣ್ಣನೆಯ ಪಾದ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಅಂತ ಬೇಕಾದಷ್ಟಿವೆ. ಅವನ್ನೆಲ್ಲ ಬಿಡುತ್ತೇನೆ. ಡಾಸ್ಟರ್ಡ್ ಬಗ್ಗೆ ಮಾತ್ರ ಹೇಳಲೇಬೇಕು, ಯಾಕಂದರೆ ಅದರ ನೆರಳು ನಮ್ಮ ಪತ್ರಿಕೆಗಳ ಮೇಲೂ ಬಿದ್ದಿದೆ. ಇದಕ್ಕೂ ಅದೇ ಆರ್ಡ್ ಅಂಟಿದೆ. 15ನೇ ಶತಮಾನದಲ್ಲಿ ಇದು ಮಂಕು, ದಡ್ಡ ಅನ್ನುವ ಅರ್ಥ ಕೊಡುತ್ತಿತ್ತು. ಆಮೇಲೆ ಹೇಡಿಯಾಯಿತು. ಆಮೇಲೆ ಹೇಡಿತನವೂ ಮಾಸಿ ಬರೀ ನೀಚ ಅನ್ನುವ ಅರ್ಥ ಉಳಿಯಿತು. ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬ್ ಹಾಕಿದ ಮರುದಿನ, 1941ರ ಡಿಸೆಂಬರ್ 8ರಂದು, ರೂಸ್‌ವೆಲ್ಟ್ ಆ ದಾಳಿಗೆ ಡಾಸ್ಟರ್ಡ್ಲಿ ಅಂದರು. ಅಂದಿನಿಂದ ದೊಡ್ಡ ದಾಳಿಯಾದಾಗಲೆಲ್ಲ ಈ ಮಾತು, ಇಲ್ಲವೇ ಇದರ ಅಣ್ಣನಾದ ಕವರ್ಡ್ಲಿ, ಹೇಳಿಕೆಗಳಲ್ಲಿ ತಪ್ಪದೆ ಬರುತ್ತದೆ. ನಮ್ಮಲ್ಲೂ ಅಷ್ಟೇ. ಎಲ್ಲೋ ಬಾಂಬ್ ಸಿಡಿದರೆ 'ಇದೊಂದು ಹೇಡಿ ಕೃತ್ಯ' ಅನ್ನುವ ಖಂಡನೆ ಹಿಂದೆಯೇ ಬರುತ್ತದೆ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಲೇಖಕಿ ಸೂಸನ್ ಸೊಂಟಾಗ್ ಈ ಪದವನ್ನೇ ಪ್ರಶ್ನಿಸಿದರು. ಧೈರ್ಯಕ್ಕೆ ಒಳ್ಳೆಯದು ಕೆಟ್ಟದ್ದು ಅಂತ ಇಲ್ಲ, ಆ ಕೊಲೆಗಡುಕರನ್ನು ಏನು ಬೇಕಾದರೂ ಅನ್ನಿ, ಹೇಡಿಗಳು ಅನ್ನಬೇಡಿ ಅನ್ನುವುದು ಅವರ ಮಾತಿನ ಸಾರ. ಅಮೆರಿಕ ಅವರ ಮೇಲೆ ಮುಗಿಬಿತ್ತು. ಇಂಥದೇ ಮಾತಾಡಿದ ಟಿವಿ ನಿರೂಪಕ ಬಿಲ್ ಮಾರ್ ಕಾರ್ಯಕ್ರಮಕ್ಕೆ ಜಾಹೀರಾತುದಾರರು ಕೈಕೊಟ್ಟರು, ಮರುವರ್ಷ ಕಾರ್ಯಕ್ರಮವೇ ನಿಂತುಹೋಯಿತು. ನಿರಾಯುಧರ ಮೇಲೆ ಬೀಳುವವನನ್ನು ಹೇಡಿ ಅನ್ನುವುದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ಆ ವಾದದಲ್ಲೂ ಹುರುಳಿದೆ. ಆದರೂ ಅಂಥ ಕೃತ್ಯಕ್ಕೆ ಕ್ರೂರ ಅಂದರೆ ಸಾಕು ಅಂತ ನನಗೆ ಅನಿಸುತ್ತದೆ. ಹೇಡಿ ಅಂದಾಗ, ಎದುರಿಗೆ ನಿಂತು ಕೊಂದಿದ್ದರೆ ಪರವಾಗಿರಲಿಲ್ಲ ಅನ್ನುವ ಅರ್ಥ ಸುಮ್ನೆ ಒಳಗೆ ನುಸುಳಿಬಿಡುತ್ತದೆ.

ಕೋಳಿ ಕಾಳಗದ ಬಿಳಿ ಗರಿ ಮತ್ತೆ ಬೀದಿಗೆ ಬಂದಿದ್ದು 1914ರಲ್ಲಿ. ಮೊದಲ ಮಹಾಯುದ್ಧ ಶುರುವಾದ ಆಗಸ್ಟ್ ತಿಂಗಳ ಕೊನೆಗೆ, ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನಲ್ಲಿ ಚಾರ್ಲ್ಸ್ ಫಿಟ್ಜ್‌ಜೆರಾಲ್ಡ್ ಅನ್ನುವ ನಿವೃತ್ತ ಅಡ್ಮಿರಲ್ 30 ಹೆಂಗಸರನ್ನು ಸೇರಿಸಿದ. ಅವನಿಗೆ ಎಪ್ಪತ್ತು ದಾಟಿತ್ತು, ಯುದ್ಧಕ್ಕೆ ಹೋಗುವ ಪ್ರಶ್ನೆ ಇರಲಿಲ್ಲ. ಸಮವಸ್ತ್ರ ಇಲ್ಲದೆ ಓಡಾಡುವ ಹುಡುಗರು ಕಂಡರೆ ಅವರ ಕೈಗೆ ಬಿಳಿ ಗರಿ ಕೊಡಬೇಕು ಅನ್ನುವುದು ಯೋಜನೆ. ಅದು ದೇಶದ ತುಂಬ ಹರಡಿತು. ಟ್ರಾಮಿನಲ್ಲಿ, ಅಂಗಡಿಯಲ್ಲಿ, ನಡುಬೀದಿಯಲ್ಲಿ ಗರಿ ಹಂಚಿದರು. ಜಾರ್ಜ್ ಸ್ಯಾಮ್ಸನ್ ಅನ್ನುವ ನಾವಿಕನಿಗೆ ಗಲಿಪೊಲಿ ಯುದ್ಧದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸ್ ಬಂದಿತ್ತು, ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ. ಅವನನ್ನು ಸನ್ಮಾನಿಸಲು ಏರ್ಪಡಿಸಿದ್ದ ಸಮಾರಂಭಕ್ಕೆ ಸಾದಾ ಬಟ್ಟೆಯಲ್ಲಿ ಹೋಗುತ್ತಿದ್ದಾಗ ಅವನ ಕೈಗೂ ಒಂದು ಗರಿ ಬಂತು. ಗಾಯಗೊಂಡು ಮನೆಗೆ ಮರಳಿದವರಿಗೂ ಈ ಕಾಟ ತಪ್ಪಲಿಲ್ಲ. ಕೊನೆಗೆ 1916ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಅವರಿಗೆ ಬೆಳ್ಳಿಯ ಬ್ಯಾಡ್ಜ್ ಮಾಡಿಸಿ ಕೊಡಬೇಕಾಯಿತು. ತಾನು ಹೇಡಿಯಲ್ಲ ಅನ್ನುವುದನ್ನು ಕೋಟಿನ ಮೇಲೆ ಚುಚ್ಚಿಕೊಂಡು ಓಡಾಡುವ ಗತಿ.

ಆ ಯುದ್ಧದಲ್ಲಿ ಹೆಬ್ಬೆರಳಿನ ಕಥೆಯೂ ಹೊಸ ವೇಷದಲ್ಲಿ ಬಂತು. ಈ ಸಲ ಅನುಮಾನ ಬಿದ್ದಿದ್ದು ನಮ್ಮವರ ಮೇಲೆ. 1914ರ ಕೊನೆಗೆ ಭಾರತದ ಸಿಪಾಯಿಗಳು ಫ್ರಾನ್ಸಿನ ಚಳಿಯಲ್ಲಿ, ಕೆಸರಿನ ಕಂದಕಗಳಲ್ಲಿ ಇದ್ದರು. ಅವರಲ್ಲಿ ಕೈಗೆ ಗಾಯವಾದವರು ಜಾಸ್ತಿ ಅಂತ ಅಧಿಕಾರಿಗಳಿಗೆ ಅನಿಸಿತು. ಮನೆಗೆ ಹೋಗಲು ತಾವೇ ಗುಂಡು ಹಾರಿಸಿಕೊಂಡಿದ್ದಾರೆ ಅನ್ನುವ ಗುಸುಗುಸು ಶುರುವಾಯಿತು. ಬ್ರೈಟನ್‌ನಲ್ಲಿ ಭಾರತೀಯ ಸೈನಿಕರಿಗಾಗಿ ತೆರೆದಿದ್ದ ಕಿಚನರ್ ಆಸ್ಪತ್ರೆಯ ಮುಖ್ಯಸ್ಥ, ಕರ್ನಲ್ ಬ್ರೂಸ್ ಸೀಟನ್, ಗುಸುಗುಸು ಕೇಳಿ ತಲೆಯಾಡಿಸಲಿಲ್ಲ. ಕೂತು 1000 ಗಾಯಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದ. ಎಲ್ಲಿ ತಾಗಿದೆ, ಹೇಗೆ ತಾಗಿದೆ ಅಂತ ಪಟ್ಟಿ ಮಾಡಿದ. ತಾವೇ ಮಾಡಿಕೊಂಡಿದ್ದಾರೆ ಅನ್ನುವ ವಾದಕ್ಕೆ ಆಧಾರ ಸಿಗಲಿಲ್ಲ. ನಾನು ಓದಿದ ಅಷ್ಟೂ ಕಥೆಗಳಲ್ಲಿ, ಹೇಡಿ ಅನ್ನುವ ಮಾತು ಬಂದಾಗ ಎದ್ದು ಹೋಗಿ ಗಾಯ ನೋಡಿದವನು ಈ ಒಬ್ಬನೇ ಕರ್ನಲ್.

ಹ್ಯಾರಿ ಫಾರ್ ವಿಷಯದಲ್ಲಿ ಯಾರೂ ಹಾಗೆ ನೋಡಲಿಲ್ಲ. ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಸಾಮಾನ್ಯ ಸೈನಿಕ ಅವನು. 1915ರಲ್ಲಿ ಸಿಡಿಗುಂಡುಗಳ ಹೊಡೆತಕ್ಕೆ ನರಗಳು ಕುಸಿದು ಐದು ತಿಂಗಳು ಆಸ್ಪತ್ರೆಯಲ್ಲಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ ಹೆಂಡತಿಗೆ ಕಾಗದವನ್ನು ನರ್ಸ್ ಬರೆದುಕೊಡಬೇಕಿತ್ತು. ಅದೇ ವರ್ಷ ಡಾಕ್ಟರ್ ಚಾರ್ಲ್ಸ್ ಮೈಯರ್ಸ್ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಶೆಲ್ ಶಾಕ್ ಬಗ್ಗೆ ಬರೆದಿದ್ದರು. ರೋಗಕ್ಕೆ ಹೆಸರು ಸಿಕ್ಕಿತ್ತು, ಆದರೆ ಮಿಲಿಟರಿ ಕೋರ್ಟಿಗೆ ಅದು ತಲುಪಿರಲಿಲ್ಲ. ಫಾರ್‌ನನ್ನು ಮತ್ತೆ ರಣರಂಗಕ್ಕೆ ಕಳಿಸಿದರು. 1916ರ ಸೆಪ್ಟೆಂಬರಿನಲ್ಲಿ, ಸೋಮ್ ಯುದ್ಧದ ನಡುವೆ, ಇನ್ನು ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ ಅಂದ. ವಿಚಾರಣೆ ಸುಮಾರು 20 ನಿಮಿಷ. ಅವನ ಪರ ವಕೀಲರಿರಲಿಲ್ಲ. ಆರೋಪದ ಹೆಸರು ಹೇಡಿತನ. ಸೇನಾಧಿಪತಿ ಹೇಗ್ ಮರಣದಂಡನೆಗೆ ಸಹಿ ಹಾಕಿದ. ಅಕ್ಟೋಬರಿನ ಒಂದು ಮುಂಜಾನೆ ಅವನದೇ ಸೈನ್ಯದವರು ಗುಂಡಿಕ್ಕಿದರು. ಕಣ್ಣಿಗೆ ಬಟ್ಟೆ ಬೇಡ ಅಂದನಂತೆ. ವಯಸ್ಸು 25. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು. ಪಿಂಚಣಿ ನಿಂತಿತು. ವಿಷಯವನ್ನು ಆ ತಾಯಿ ಮಗಳಿಗೂ ಹೇಳದೆ ಎಷ್ಟೋ ವರ್ಷ ಬಚ್ಚಿಟ್ಟಳು.

ಆ ಯುದ್ಧದಲ್ಲಿ ಬ್ರಿಟಿಷ್ ಸೈನ್ಯ 3000ಕ್ಕೂ ಹೆಚ್ಚು ಮರಣದಂಡನೆ ವಿಧಿಸಿತು. ಬಹುಪಾಲು ಜಾರಿಯಾಗಲಿಲ್ಲ. ಜಾರಿಯಾದವುಗಳಲ್ಲಿ ಹೆಚ್ಚಿನವು ಸೈನ್ಯ ಬಿಟ್ಟು ಓಡಿಹೋಗಿದ್ದಕ್ಕೆ. ಹೇಡಿತನ ಅಂತಲೇ ಹೆಸರಿಸಿ ಗುಂಡಿಕ್ಕಿದ್ದು 18 ಜನರಿಗೆ.

ಎರಡನೇ ಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ಈ ಅಪರಾಧಕ್ಕೆ ಗುಂಡಿಕ್ಕುವ ಪದ್ಧತಿ ಹೋಗಿತ್ತು. ಬದಲಿಗೆ ವಾಯುಪಡೆ 1940ರಲ್ಲಿ ಒಂದು ಹೊಸ ಮಾತು ಹುಟ್ಟಿಸಿತು: ಲ್ಯಾಕ್ ಆಫ್ ಮಾರಲ್ ಫೈಬರ್. ನೈತಿಕ ನಾರು ಸಾಲದು ಅಂತ. ಆಡುಮಾತಿನಲ್ಲಿ ಎಲ್‌ಎಂಎಫ್. ಬಾಂಬರ್ ವಿಮಾನ ಹತ್ತಲು ಇನ್ನು ಆಗುವುದಿಲ್ಲ ಅಂದವನ ಎದೆಯ ಮೇಲಿನ ಬ್ಯಾಡ್ಜ್ ಕೀಳುತ್ತಿದ್ದರು, ದರ್ಜೆ ಇಳಿಸುತ್ತಿದ್ದರು, ಬೇಗ ಅಲ್ಲಿಂದ ಸಾಗಹಾಕುತ್ತಿದ್ದರು. ಇವರೆಲ್ಲ ತಾವಾಗಿ ಹಾರಲು ಮುಂದೆ ಬಂದವರು. ಬಾಂಬರ್ ಪಡೆಯಲ್ಲಿ ಸತ್ತವರು 55,573. ಬಾಲ, ಲಿವರ್, ಗರಿ ಅನ್ನುವ ಮಾತುಗಳಲ್ಲಿ ಒಂದು ಹಸಿತನವಾದರೂ ಇತ್ತು. ಈ ಮೂರಕ್ಷರದ್ದು ಗುಮಾಸ್ತರು ಫೈಲಿನಲ್ಲಿ ಬರೆಯಲು ಮಾಡಿದ ಪದ.

ಫಾರ್ ಮಗಳಿಗೆ ತೊಂಬತ್ತು ದಾಟಿದ ಮೇಲೂ ಅವಳು, ಅವಳ ಮನೆಯವರು ಹೋರಾಟ ಬಿಡಲಿಲ್ಲ. ಕೋರ್ಟಿಗೆ ಹೋದರು, ಮಂತ್ರಿಗಳನ್ನು ಕಂಡರು. ಕೊನೆಗೆ 2006ರ ಸಶಸ್ತ್ರ ಪಡೆಗಳ ಕಾಯ್ದೆಯಲ್ಲಿ ಹೀಗೆ ಗುಂಡಿಗೆ ಬಲಿಯಾದ 306 ಸೈನಿಕರಿಗೆ ಕ್ಷಮಾದಾನ ಸಿಕ್ಕಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಕಾಯ್ದೆಯ 359ನೇ ಕಲಮು ತೆಗೆದು ಓದಿದರೆ ಇನ್ನೊಂದು ಸಾಲು ಸಿಗುತ್ತದೆ. ಈ ಕ್ಷಮೆಯಿಂದ ಅವರ ಮೇಲಿನ ತೀರ್ಪಿಗಾಗಲಿ ಶಿಕ್ಷೆಗಾಗಲಿ ಯಾವ ಬಾಧಕವೂ ಇಲ್ಲ. ಅಂದರೆ ಕ್ಷಮಿಸಿದ್ದೇವೆ, ಆದರೆ 20 ನಿಮಿಷದ ಆ ವಿಚಾರಣೆ ಬರೆದಿಟ್ಟ ಪದ ದಾಖಲೆಯಲ್ಲಿ ಹಾಗೇ ಇರಲಿ.